ಪೂರ್ವಭಾವಿ ಸಭೆಯಲ್ಲೇ ಕೇಳಬೇಕಾದ ಹಕ್ಕು

ತುಮಕೂರಿನ ದಸರೆಯಾಗಲಿ, ಗುಬ್ಬಿಯ ನಾಟಕೋತ್ಸವವಾಗಲಿ, ಕುಣಿಗಲ್ಲಿನಲ್ಲಿ ನಡೆಯುವ ಕಲಾ ಸಂಭ್ರಮವಾಗಲಿ, ಎಲ್ಲಕ್ಕೂ ಮೊದಲು ಒಂದು ಪೂರ್ವಭಾವಿ ಸಭೆ ಇರುತ್ತದೆ. ವೇದಿಕೆ ಎಲ್ಲಿ, ಶಾಮಿಯಾನ ಎಷ್ಟು ದೊಡ್ಡದು, ಗಣ್ಯರಿಗೆ ಎಷ್ಟು ಕುರ್ಚಿ, ಊಟದ ಹೊಣೆ ಯಾರದು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಗಾಲಿಕುರ್ಚಿಯಲ್ಲಿ ಬರುವವರು ಎಲ್ಲಿ ಕೂರಬೇಕು, ಕಿವಿ ಕೇಳಿಸದವರಿಗೆ ನಾಟಕ ಹೇಗೆ ತಲುಪಬೇಕು, ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ದೀಪ ಇರುತ್ತದೆಯೇ ಎಂಬ ಪ್ರಶ್ನೆಗಳು ಆ ಸಭೆಯಲ್ಲಿ ಏಳದಿದ್ದರೆ ಆಮೇಲೆ ಏಳುವುದು ಕಷ್ಟ. ಮೂರು ದಿನದ ಉತ್ಸವದ ಪೆಂಡಾಲ್ ನಾಲ್ಕನೆಯ ದಿನ ಇರುವುದಿಲ್ಲ. ದೂರು ವಿಚಾರಣೆಗೆ ಬರುವ ಹೊತ್ತಿಗೆ ಮೈದಾನ ಖಾಲಿಯಾಗಿರುತ್ತದೆ. ಆದ್ದರಿಂದ ಉತ್ಸವದ ವಿಷಯದಲ್ಲಿ ಕಾನೂನನ್ನು ಮೊದಲೇ ಬಳಸಬೇಕು.

ತುಮಕೂರು ಜಿಲ್ಲೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಗುಬ್ಬಿಯ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ 1884ರಲ್ಲಿ ಹುಟ್ಟಿತು. ಗುಬ್ಬಿ ವೀರಣ್ಣನವರ ಕಾಲಕ್ಕೆ ಅದು ನಾಡೆಲ್ಲ ಬಲ್ಲ ಗುಬ್ಬಿ ಕಂಪನಿಯಾಯಿತು. ಹೆಣ್ಣಿನ ಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ನಟಿಯರಿಗೆ ರಂಗ ತೆರೆದ ಕಂಪನಿ ಅದು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿತ್ತು. ಅಂಥ ಊರಿನಲ್ಲಿ ಒಂದು ಗಾಲಿಕುರ್ಚಿಗೆ ಇಳಿಜಾರು ಮಾಡಲಾಗದು ಎಂಬ ಸಬೂಬನ್ನು ನಾನು ಒಪ್ಪಲಾರೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಸೆಕ್ಷನ್ 29 ನೇರವಾಗಿ ಸಂಸ್ಕೃತಿ ಮತ್ತು ಮನರಂಜನೆಗೆ ಮೀಸಲು. ಎಲ್ಲರಂತೆ ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಕಾಪಾಡುವುದು, ಕಲೆಯನ್ನು ಅವರ ಕೈಗೆಟುಕುವಂತೆ ಮಾಡುವುದು, ಅಂಗವಿಕಲ ಕಲಾವಿದರಿಗೆ ನೆರವು ಕೊಡುವುದು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಕರ್ತವ್ಯ. ಮಹಾನಗರ ಪಾಲಿಕೆಯೂ ಪುರಸಭೆಯೂ ಪಟ್ಟಣ ಪಂಚಾಯಿತಿಯೂ ಇದರೊಳಗೆ ಬರುತ್ತವೆ. ಖಾಸಗಿಯವರು ನಡೆಸುವ ಉತ್ಸವವೆಂದರೂ ತಪ್ಪಿಸಿಕೊಳ್ಳುವಂತಿಲ್ಲ. ಸಾರ್ವಜನಿಕರಿಗೆ ಸೇವೆ ಕೊಡುವ ಖಾಸಗಿ ಸಂಸ್ಥೆಗಳನ್ನೂ ಸೆಕ್ಷನ್ 46 ಹೊಣೆಗಾರರನ್ನಾಗಿ ಮಾಡಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಪ್ರವೇಶ ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕನಿಷ್ಠ ಮಟ್ಟದ ಕಡ್ಡಾಯ ನಿಯಮಗಳು ಬೇಕೇ ಬೇಕು ಎಂದು ಹೇಳಿತು.

ಈ ಹಕ್ಕುಗಳನ್ನು ಪೂರ್ವಭಾವಿ ಸಭೆಯ ಮುಂದಿಡಲು ಮನವಿ ಬರೆಯುವಾಗ ‘ಸೂಕ್ತ ಸೌಲಭ್ಯ ಕಲ್ಪಿಸಬೇಕು’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಆ ವಾಕ್ಯಕ್ಕೆ ಯಾರೂ ಉತ್ತರಿಸಬೇಕಿಲ್ಲ. ಅಳತೆ ಕೊಡಿ. ಇಳಿಜಾರಿಗೆ ಒಪ್ಪಿತ ಮಾನದಂಡ 1:12, ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ವೇದಿಕೆ ಮೂರು ಅಡಿ ಎತ್ತರವಿದ್ದರೆ 36 ಅಡಿ ಇಳಿಜಾರಿಗೆ ಜಾಗ ಬಿಡಬೇಕು. ಹಲಗೆಯೊಂದನ್ನು ಮೆಟ್ಟಿಲ ಮೇಲೆ ಒರಗಿಸಿದರೆ ಅದು ಇಳಿಜಾರಲ್ಲ, ಅಪಾಯ. ವೇದಿಕೆಗೂ ಏಕೆ ಎಂದು ಕೆಲವರು ಕೇಳುತ್ತಾರೆ. ಪ್ರಶಸ್ತಿ ಪಡೆಯುವವರಲ್ಲಿ, ಹಾಡುವವರಲ್ಲಿ ಅಂಗವಿಕಲರು ಇರುವುದಿಲ್ಲವೇ? ಇಬ್ಬರು ಎತ್ತಿಕೊಂಡು ಹೋಗಿ ಕೂರಿಸಿ ಚಪ್ಪಾಳೆ ತಟ್ಟುವುದು ಗೌರವವಲ್ಲ. ಜೊತೆಗೆ ಬಂದವರೂ ಪಕ್ಕದಲ್ಲೇ ಕೂರುವಂಥ ಜಾಗ, ಸನ್ನೆಭಾಷೆ ಬಲ್ಲವರೊಬ್ಬರು ಮತ್ತು ಅವರ ಮುಖ, ಕೈ ಕಾಣುವಷ್ಟು ಬೆಳಕು, ಕೇಬಲ್ ಹಾಯದ ದಾರಿ, ಗದ್ದಲ ತಾಳಲಾರದ ಮಕ್ಕಳಿಗೆ ಒಂದು ಶಾಂತ ಮೂಲೆ, ಇವನ್ನೆಲ್ಲ ಹೆಸರಿಸಿ ಕೇಳಿ.

ಮನವಿಯನ್ನು ಜಿಲ್ಲಾಧಿಕಾರಿಗೆ ಅಥವಾ ತಹಶೀಲ್ದಾರರಿಗೆ ಕೊಟ್ಟು, ಪ್ರತಿಗಳನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಗೂ ಕಳುಹಿಸಿ. ಟಪಾಲು ವಿಭಾಗದಲ್ಲಿ ಮೊಹರು ಹಾಕಿಸಿದ ಸ್ವೀಕೃತಿ ಪ್ರತಿ ಇಲ್ಲದೆ ಹೊರಬರಬೇಡಿ. ‘ಮನವಿಗೆ ಲಿಖಿತ ಹಿಂಬರಹ ಕೊಡಿ’ ಎಂಬ ಕೊನೆಯ ಸಾಲೂ ಇರಲಿ. ಹಳ್ಳಿಯವರಾದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಹಾಯ ಕೇಳಬಹುದು. ಉತ್ತರ ಬರದಿದ್ದರೆ ಅಥವಾ ನಿರಾಕರಣೆ ಬಂದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಸಮನ್ಸ್ ಕೊಡುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸನ್ನು ಒಪ್ಪದ ಅಧಿಕಾರಿ ಮೂರು ತಿಂಗಳೊಳಗೆ ಕಾರಣ ತಿಳಿಸಲೇಬೇಕು. ಕಾಯ್ದೆ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ಅಂಗವಿಕಲರನ್ನು ಜನರ ಮುಂದೆ ಬೇಕೆಂದೇ ಅವಮಾನಿಸಿದರೆ ಸೆಕ್ಷನ್ 92ರಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು.

ಒಳಗೊಳ್ಳುವಿಕೆ ಇಳಿಜಾರಿಗೆ ಮುಗಿಯುವುದಿಲ್ಲ. ಸಂವಿಧಾನದ 15(2)ನೇ ವಿಧಿ ಸಾರ್ವಜನಿಕ ಮನರಂಜನೆಯ ಸ್ಥಳಗಳನ್ನು ಹೆಸರಿಸಿಯೇ, ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯಬಾರದು ಎನ್ನುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ ಜಾತ್ರೆ ಎಂಬ ಪದವೇ ಇದೆ. ಧಾರ್ಮಿಕ, ಸಾಮಾಜಿಕ ಅಥವಾ ಸಾಂಸ್ಕೃತಿಕ ಮೆರವಣಿಗೆಯಲ್ಲಿ ದಲಿತರು ಭಾಗವಹಿಸದಂತೆ ತಡೆದರೆ ಆರು ತಿಂಗಳಿಂದ ಐದು ವರ್ಷ ಶಿಕ್ಷೆ. ತಮಟೆ ಬಾರಿಸಲು ಕರೆದು ಊಟದ ಪಂಕ್ತಿಯಲ್ಲಿ ದೂರ ಕೂರಿಸುವವರು ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೇ ವಿಧಿಯನ್ನು ಓದಲಿ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸಾರ್ವಜನಿಕ ಸೌಲಭ್ಯ ನಿರಾಕರಿಸುವುದನ್ನು 2019ರ ಕಾಯ್ದೆ ನಿಷೇಧಿಸಿದೆ. ಅದೇ ಸಮುದಾಯದ ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ ನಾಡಿದು ಎಂಬುದನ್ನು ಗೇಟಿನಲ್ಲಿ ನಿಂತವರು ಮರೆಯಬಾರದು.

ಸುರಕ್ಷತೆಯ ವಿಷಯಕ್ಕೆ ಬಂದರೆ, 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜೀವ ಹೋದವು. ಬಟ್ಟೆಯ ಶಾಮಿಯಾನ, ಒಂದೇ ಬಾಗಿಲು, ಜನರೇಟರ್ ಪಕ್ಕದಲ್ಲೇ ಒಲೆ ಎಂಬ ಏರ್ಪಾಡು ಕಂಡರೆ ಸುಮ್ಮನಿರಬೇಡಿ. ಪೊಲೀಸರು, ಅಗ್ನಿಶಾಮಕ ಇಲಾಖೆ ಯಾವ ಷರತ್ತಿನ ಮೇಲೆ ಅನುಮತಿ ಕೊಟ್ಟರು, ಹೊರದಾರಿಗಳು ಎಷ್ಟು ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ ಹಿಡಿಯುವುದರಿಂದ, ಈ ವರ್ಷದ ಉತ್ತರ ಮುಂದಿನ ವರ್ಷದ ಪೂರ್ವಭಾವಿ ಸಭೆಗೆ ಒದಗುತ್ತದೆ.

ಜನಜಂಗುಳಿಯಲ್ಲಿ ಹೆಣ್ಣುಮಕ್ಕಳ ಮೇಲೆ ಕೈಹಾಕುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 74ರಡಿ ಒಂದರಿಂದ ಐದು ವರ್ಷದ ಜೈಲಿನ ಅಪರಾಧ. ಹಿಂಬಾಲಿಸಿ ಕಾಡುವುದಕ್ಕೆ ಸೆಕ್ಷನ್ 78 ಇದೆ. ತಕ್ಷಣಕ್ಕೆ 112ಕ್ಕೆ ಕರೆ ಮಾಡಿ. ಕುಣಿಗಲ್ಲಿನಲ್ಲಿ ನಡೆದದ್ದಕ್ಕೆ ಗುಬ್ಬಿ ಠಾಣೆಯಲ್ಲೂ ದೂರು ಕೊಡಬಹುದು. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎನ್ನುವ ಹಾಗಿಲ್ಲ, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. ದೂರು ಕೊಡುವ ಹೆಣ್ಣುಮಗಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆಕೆ ಅಂಗವಿಕಲಳಾಗಿದ್ದರೆ ಮನೆಗೆ ಅಥವಾ ಆಕೆ ಹೇಳಿದ ಜಾಗಕ್ಕೆ ಬಂದು, ಸನ್ನೆಭಾಷೆ ಬಲ್ಲವರು ಅಥವಾ ವಿಶೇಷ ಶಿಕ್ಷಕರ ಎದುರು ದಾಖಲಿಸಬೇಕು. ದೂರು ತೆಗೆದುಕೊಳ್ಳದಿದ್ದರೆ ತುಮಕೂರಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಮಗು ಕಳೆದುಹೋದರೆ 1098.

ನಟಿಯರು, ಗಾಯಕಿಯರು, ಬ್ಯಾಡ್ಜ್ ಹಾಕಿಕೊಂಡು ಓಡಾಡುವ ಕಾಲೇಜು ಹುಡುಗಿಯರಿಗೂ ರಕ್ಷಣೆಯಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಸಂಬಳವಿಲ್ಲದ ಸ್ವಯಂಸೇವಕಿಯೂ ಉದ್ಯೋಗಿಯೇ. ಕಿರುಕುಳವಾದರೆ ಮೂರು ತಿಂಗಳೊಳಗೆ ಸಂಸ್ಥೆಯ ಆಂತರಿಕ ಸಮಿತಿಗೆ, ಹತ್ತಕ್ಕಿಂತ ಕಡಿಮೆ ಜನರ ಸಂಸ್ಥೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಲಿಖಿತ ದೂರು ಕೊಡಬೇಕು.

ಬಯಲಿನಲ್ಲಿ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು. ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸರ್ಕಾರ ಸಡಿಲಿಸಬಹುದು. ಹತ್ತಕ್ಕೆ ಮುಗಿದರೂ ಕುಣಿಗಲ್ಲಿಗೆ, ಗುಬ್ಬಿಗೆ ಹೆಣ್ಣುಮಕ್ಕಳು ಹೇಗೆ ಹಿಂತಿರುಗುತ್ತಾರೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ಚಿಂತೆಯಿಲ್ಲ, ಆದರೆ ಆ ಹೊತ್ತಿಗೆ ಬಸ್ಸು ಇರಬೇಕಲ್ಲ. ವಿಶೇಷ ಬಸ್ ಬಿಡಲೇಬೇಕೆಂಬ ಕಾನೂನಿಲ್ಲ. ಹಾಗಾಗಿ ಈ ಬೇಡಿಕೆ ಮನವಿಯಲ್ಲಿ ಇರಲೇಬೇಕು, ಪ್ರತಿ ಕೆಎಸ್‌ಆರ್‌ಟಿಸಿ ವಿಭಾಗೀಯ ಕಚೇರಿಗೂ ಹೋಗಬೇಕು.

ದುಡ್ಡು ಕೊಟ್ಟು ಟಿಕೆಟ್ ಪಡೆದಿದ್ದರೆ ನೀವು ಗ್ರಾಹಕರೂ ಹೌದು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಟಿಕೆಟ್, ಆಮಂತ್ರಣ ಪತ್ರಿಕೆ, ಪೆಂಡಾಲ್ ಬಿಚ್ಚುವ ಮೊದಲು ತೆಗೆದ ಫೋಟೋ ಜೋಪಾನ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ತುಮಕೂರಿನ ನ್ಯಾಯಾಲಯ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಗುಬ್ಬಿ, ಕುಣಿಗಲ್ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ, ಸಹಾಯವಾಣಿ 15100. ಮೇಲೆ ಹೇಳಿದ ಮನವಿಯನ್ನು ಬರೆಯಲು ಕೂಡ ಅಲ್ಲಿ ನೆರವು ಕೇಳಬಹುದು.