ಪರಸೈನ್ಯದಿಂದ ಪ್ರಜಾಪ್ರಭುತ್ವ ಸಾಧ್ಯವೇ?
(ಹಯರ್ ಸೆಕೆಂಡರಿ ತರಗತಿಗಳಿಗೊಂದು ಚರ್ಚಾಪಾಠ)

ಪಾಠದ ಆಶಯ

ಚುನಾವಣೆ, ಸಂವಿಧಾನ, ಸ್ವತಂತ್ರ ನ್ಯಾಯಾಂಗ, ಮೂಲಭೂತ ಹಕ್ಕುಗಳು ಎಂಬ ಪ್ರಜಾಪ್ರಭುತ್ವದ ಲಕ್ಷಣಗಳನ್ನು ನಮ್ಮ ವಿದ್ಯಾರ್ಥಿಗಳು ತಡವರಿಸದೆ ಹೇಳಬಲ್ಲರು. ಇವೆಲ್ಲವನ್ನೂ ಹೊರನಾಡಿನ ಸೈನ್ಯವೊಂದು ತಂದು ನೆಲೆಗೊಳಿಸಬಲ್ಲುದೇ ಎಂದು ಕೇಳಿದಾಗ ಆ ಪಟ್ಟಿ ಸಾಲದೆ ಹೋಗುತ್ತದೆ. ಎರಡು ಅವಧಿಗಳಲ್ಲಿ ನಡೆಸಬಹುದಾದ ಈ ಪಾಠವು ಜಪಾನ್, ಇರಾಕ್ ಮತ್ತು ಬಾಂಗ್ಲಾದೇಶಗಳ ಅನುಭವವನ್ನು ಆಧರಿಸಿದೆ. ಯಾವ ದೇಶವನ್ನೂ ಹೊಗಳುವುದಾಗಲಿ ತೆಗಳುವುದಾಗಲಿ ಇದರ ಗುರಿಯಲ್ಲ. ಸೈನ್ಯ ಬರುವ ಮೊದಲು ಆ ನಾಡಿನಲ್ಲಿ ಏನಿತ್ತು? ಸೈನ್ಯ ಬಂದ ಬಳಿಕ ಏನು ಉಳಿಯಿತು? ಪ್ರತಿಯೊಂದು ಉದಾಹರಣೆಗೂ ಈ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಬೆಳೆಯಬೇಕು.

ಪದಗಳಿಂದ ಆರಂಭ

ಒಂದೇ ಘಟನೆಯನ್ನು ಒಬ್ಬರು ‘ವಿಮೋಚನೆ’ ಎನ್ನುತ್ತಾರೆ, ಇನ್ನೊಬ್ಬರು ‘ಆಕ್ರಮಣ’ ಎನ್ನುತ್ತಾರೆ, ಪಠ್ಯಪುಸ್ತಕವು ‘ಮಧ್ಯಪ್ರವೇಶ’ ಎಂಬ ಪದವನ್ನು ಬಳಸುತ್ತದೆ. ಮೊದಲ ಎರಡು ಪದಗಳಲ್ಲಿ ತೀರ್ಪು ಆಗಲೇ ಅಡಗಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಪಾಠವನ್ನು ಕನ್ನಡದಲ್ಲಿ ಓದಿ, ವಾರ್ತೆಯನ್ನು ಮಲಯಾಳದಲ್ಲಿ ಕೇಳುತ್ತಾನೆ. ಇರಾಕಿನ ಯುದ್ಧದ ಸಂದರ್ಭದಲ್ಲಿ ಅಲ್ಲಿ ‘ಅಧಿನಿವೇಶಂ’ ಎಂಬ ಪದ ರೂಢಿಯಾಯಿತು. ಎರಡು ಭಾಷೆಗಳ ಪದಗಳನ್ನು ಹೋಲಿಸಿ ನೋಡುವ ಅವಕಾಶ ಇಂತಹ ವಿದ್ಯಾರ್ಥಿಗೆ ಸಹಜವಾಗಿ ದೊರೆತಿದೆ. ಅಧ್ಯಾಪಕರು ಅದನ್ನು ಬಳಸಿಕೊಳ್ಳಬೇಕು.

ಕಾನೂನಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ತಿಳಿಸಿದರೆ ಸಾಕು. 1945ರ ವಿಶ್ವಸಂಸ್ಥೆಯ ಸನ್ನದು ಒಂದು ದೇಶವು ಇನ್ನೊಂದರ ಭೂಪ್ರದೇಶ ಅಥವಾ ರಾಜಕೀಯ ಸ್ವಾತಂತ್ರ್ಯದ ವಿರುದ್ಧ ಬಲಪ್ರಯೋಗ ಮಾಡುವುದನ್ನು ನಿಷೇಧಿಸುತ್ತದೆ. ಆತ್ಮರಕ್ಷಣೆ ಮತ್ತು ಭದ್ರತಾ ಮಂಡಳಿಯ ಅನುಮತಿ ಇದಕ್ಕೆ ಅಪವಾದಗಳು. ತಾತ್ವಿಕ ಚರ್ಚೆ ಇದಕ್ಕಿಂತ ಹಳೆಯದು. ತಾವಾಗಿ ಹೋರಾಡಿ ಗಳಿಸದ ಸ್ವಾತಂತ್ರ್ಯವನ್ನು ಜನರು ಉಳಿಸಿಕೊಳ್ಳಲಾರರು ಎಂದು ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ವಾದಿಸಿದನು. ಅದೇ ಮಿಲ್ ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಉದ್ಯೋಗದಲ್ಲಿದ್ದು, ಈ ತತ್ತ್ವ ಭಾರತದಂತಹ ನಾಡುಗಳಿಗೆ ಅನ್ವಯಿಸದೆಂದು ಭಾವಿಸಿದ್ದನು. ಈ ವಿರೋಧಾಭಾಸವನ್ನು ವಿದ್ಯಾರ್ಥಿಗಳೇ ಗುರುತಿಸಲಿ.

ಮೊದಲ ಉದಾಹರಣೆ: ಜಪಾನ್

ಸೇನಾಬಲದಿಂದ ಪ್ರಜಾಪ್ರಭುತ್ವ ಸಾಧ್ಯ ಎನ್ನುವವರು ಮೊದಲು ಹೆಸರಿಸುವುದು ಜಪಾನನ್ನು. 1945ರ ಸೋಲಿನಿಂದ 1952ರ ಏಪ್ರಿಲ್‌ವರೆಗೆ ಅಮೆರಿಕದ ನೇತೃತ್ವದ ಸೈನ್ಯ ಅಲ್ಲಿತ್ತು. 1946ರ ಏಪ್ರಿಲ್ ಚುನಾವಣೆಯಲ್ಲಿ ಸ್ತ್ರೀಯರು ಮೊದಲ ಬಾರಿಗೆ ಮತ ಚಲಾಯಿಸಿದರು. 39 ಸ್ತ್ರೀಯರು ಆಯ್ಕೆಯಾದರು. ಭೂಸುಧಾರಣೆಯಿಂದ ಗೇಣಿದಾರರು ಭೂಮಾಲೀಕರಾದರು. 1947ರ ಮೇ 3ರಂದು ಜಾರಿಗೆ ಬಂದ ಸಂವಿಧಾನದ ಮೂಲ ಕರಡನ್ನು ಅಮೆರಿಕದ ಅಧಿಕಾರಿಗಳು ಸುಮಾರು ಒಂದು ವಾರದಲ್ಲಿ ಸಿದ್ಧಪಡಿಸಿದ್ದರು. ಈ ಸಾಧನೆಗಳನ್ನು ಮರೆಮಾಚಬಾರದು.

ಆದರೆ ಮೊದಲು ಏನಿತ್ತು? 1889ರಲ್ಲೇ ಜಪಾನಿಗೆ ಒಂದು ಸಂವಿಧಾನವಿತ್ತು, ಮರುವರ್ಷ ಸಂಸತ್ತು ಸೇರಿತ್ತು. 1925ರಲ್ಲಿ ವಯಸ್ಕ ಪುರುಷರೆಲ್ಲರಿಗೂ ಮತದಾನದ ಹಕ್ಕು ಬಂದಿತ್ತು. ಇಚಿಕಾವಾ ಫುಸಾಯೆಯಂತಹ ನಾಯಕಿಯರು ಸ್ತ್ರೀಮತಾಧಿಕಾರಕ್ಕಾಗಿ ಯುದ್ಧಕ್ಕೆ ಮೊದಲೇ ಹೋರಾಡಿದ್ದರು. ಆರೋಗ್ಯಪೂರ್ಣ ಹಾಗೂ ಸುಸಂಸ್ಕೃತ ಜೀವನದ ಕನಿಷ್ಠ ಮಟ್ಟಕ್ಕೆ ಪ್ರತಿಯೊಬ್ಬನಿಗೂ ಹಕ್ಕಿದೆ ಎಂಬ 25ನೆಯ ವಿಧಿಯ ಮಾತನ್ನು ಸಂವಿಧಾನಕ್ಕೆ ಸೇರಿಸಿದವರು ಜಪಾನಿನ ಸಂಸದರೇ. ಸರಕಾರಿ ಆಡಳಿತ ಯಂತ್ರ ಕುಸಿಯದೆ ಉಳಿದಿತ್ತು. ಇದಲ್ಲದೆ, ಆ ಯುದ್ಧ ನಡೆದದ್ದು ಜಪಾನಿಗೆ ಪ್ರಜಾಪ್ರಭುತ್ವ ನೀಡುವುದಕ್ಕಾಗಿ ಅಲ್ಲ. ಹಿರೋಶಿಮಾ, ನಾಗಸಾಕಿಗಳನ್ನು ಬದಿಗಿಟ್ಟು ಈ ಉದಾಹರಣೆಯನ್ನು ಹೇಳಲಾಗದು.

ಎರಡನೆಯ ಉದಾಹರಣೆ: ಇರಾಕ್

2003ರ ಮಾರ್ಚ್ 20ರಂದು ಅಮೆರಿಕ ಹಾಗೂ ಮಿತ್ರ ಸೈನ್ಯಗಳು ಇರಾಕನ್ನು ಪ್ರವೇಶಿಸಿದವು. ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬುದು ಮುಖ್ಯ ಕಾರಣವಾಗಿತ್ತು, ಅವು ದೊರೆಯಲಿಲ್ಲ. ಪ್ರಜಾಪ್ರಭುತ್ವದ ಸ್ಥಾಪನೆಯೆಂಬ ಸಮರ್ಥನೆ ಬರಬರುತ್ತಾ ಮುನ್ನೆಲೆಗೆ ಬಂತು. ಏಪ್ರಿಲ್ 9ರಂದು ಬಾಗ್ದಾದ್ ಬಿತ್ತು. ಸದ್ದಾಂ ಹುಸೇನನ ಕ್ರೂರ ಆಡಳಿತ ಮೂರು ವಾರಗಳಲ್ಲಿ ಕೊನೆಗೊಂಡಿತು.

ಮುಂದಿನ ತಿಂಗಳೇ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಎರಡು ಆಜ್ಞೆಗಳನ್ನು ಹೊರಡಿಸಿದನು. ಒಂದು, ಬಾತ್ ಪಕ್ಷದ ಮೇಲಿನ ಹಂತಗಳ ಸದಸ್ಯರನ್ನು ಸರಕಾರಿ ಹುದ್ದೆಗಳಿಂದ ತೆಗೆಯುವುದು. ಇನ್ನೊಂದು, ಸೈನ್ಯವನ್ನೇ ವಿಸರ್ಜಿಸುವುದು. ಮೊದಲ ಆಜ್ಞೆಯಿಂದ ಕೆಲಸ ಕಳೆದುಕೊಂಡವರಲ್ಲಿ ಶಾಲಾ ಅಧ್ಯಾಪಕರೂ ಬಹುಸಂಖ್ಯೆಯಲ್ಲಿದ್ದರು. ಎರಡನೆಯದರಿಂದ ಲಕ್ಷಾಂತರ ಶಸ್ತ್ರಪರಿಣತರು ಸಂಬಳವಿಲ್ಲದೆ ಬೀದಿಗೆ ಬಿದ್ದರು. ಜಪಾನಿನಲ್ಲಿ ಉಳಿದಿದ್ದ ಆಡಳಿತದ ಬೆನ್ನೆಲುಬನ್ನು ಇರಾಕಿನಲ್ಲಿ ಹೀಗೆ ಮುರಿಯಲಾಯಿತು.

2005ರ ಜನವರಿಯಲ್ಲಿ ಚುನಾವಣೆ ನಡೆಯಿತು. ಸಂಖ್ಯೆಯಲ್ಲಿ ಕಡಿಮೆಯಿರುವ ಸುನ್ನಿ ಅರಬರಲ್ಲಿ ಹೆಚ್ಚಿನವರು ಅದನ್ನು ಬಹಿಷ್ಕರಿಸಿದರು. ಸಂವಿಧಾನ ರಚಿಸುವ ಸಭೆಯಲ್ಲಿ ಅವರ ದನಿ ಕ್ಷೀಣವಾಯಿತು. ಅಕ್ಟೋಬರ್ ತಿಂಗಳ ಜನಮತಗಣನೆಯಲ್ಲಿ ಸಂವಿಧಾನ ಅಂಗೀಕಾರವಾಯಿತಾದರೂ ಸುನ್ನಿಗಳು ಹೆಚ್ಚಾಗಿರುವ ಅನ್ಬಾರ್ ಮತ್ತು ಸಲಾಹುದ್ದೀನ್ ಪ್ರಾಂತಗಳು ಮೂರರಲ್ಲಿ ಎರಡಂಶಕ್ಕೂ ಮೀರಿದ ಮತಗಳಿಂದ ಅದನ್ನು ತಿರಸ್ಕರಿಸಿದವು. 2006ರಲ್ಲಿ ಪಂಥೀಯ ರಕ್ತಪಾತ ಉಲ್ಬಣಿಸಿತು. 2014ರಲ್ಲಿ ಮೊಸುಲ್ ನಗರ ಉಗ್ರರ ವಶವಾಯಿತು. ಇಂದಿಗೂ ಇರಾಕಿನಲ್ಲಿ ಚುನಾವಣೆಗಳು ನಡೆಯುತ್ತಿವೆ. ಆದರೆ 2019ರಲ್ಲಿ ಭ್ರಷ್ಟಾಚಾರದ ವಿರುದ್ಧ ಬೀದಿಗಿಳಿದ ಯುವಜನರು ಕೇಳಿದ್ದು, ಆ ಚುನಾವಣೆಗಳಿಂದ ತಮಗೇನು ದಕ್ಕಿತು ಎಂಬುದನ್ನೇ.

ಮೂರನೆಯ ಉದಾಹರಣೆ: ಬಾಂಗ್ಲಾದೇಶ

ಇಲ್ಲಿ ಮಧ್ಯಪ್ರವೇಶಿಸಿದ್ದು ಭಾರತ. ಆದುದರಿಂದ ಇದನ್ನು ಬೋಧಿಸುವಾಗ ಅಳತೆಗೋಲು ಬದಲಾಗಕೂಡದು. 1970ರ ಡಿಸೆಂಬರ್ ಚುನಾವಣೆಯಲ್ಲಿ ಅವಾಮಿ ಲೀಗ್ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಗೆದ್ದಿತ್ತು. ಜನರು ತಮ್ಮ ಪ್ರತಿನಿಧಿಗಳನ್ನು ಸೈನ್ಯ ಬರುವ ಮೊದಲೇ ಆರಿಸಿದ್ದರು, ಮುಕ್ತಿವಾಹಿನಿ ಹೋರಾಟದಲ್ಲಿತ್ತು. 1971ರ ಡಿಸೆಂಬರ್ 16ರಂದು ಯುದ್ಧ ಮುಗಿಯಿತು, 1972ರ ಮಾರ್ಚ್‌ನಲ್ಲಿ ಭಾರತೀಯ ಸೈನ್ಯ ಹಿಂದಿರುಗಿತು, ಆ ವರ್ಷವೇ ಸಂವಿಧಾನ ಜಾರಿಗೆ ಬಂತು.

ಇಷ್ಟು ಅನುಕೂಲಗಳಿದ್ದೂ 1975ರ ಜನವರಿಯಲ್ಲಿ ಏಕಪಕ್ಷ ಪದ್ಧತಿ ಬಂತು; ಆಗಸ್ಟಿನಲ್ಲಿ ಶೇಖ್ ಮುಜಿಬುರ್ ರಹಮಾನ್ ಹತ್ಯೆಗೀಡಾದರು; ಸೇನಾಡಳಿತ ಆರಂಭವಾಯಿತು. 1990ರಲ್ಲಿ ಎರ್ಶಾದ್ ಆಡಳಿತವನ್ನು ಕೊನೆಗೊಳಿಸಿದ್ದು ಆ ನಾಡಿನ ಜನಾಂದೋಲನ. ದೇಶ ಸ್ವತಂತ್ರವಾಗಲು ಹೊರಗಿನ ಸೈನ್ಯ ನೆರವಾಯಿತು. ಪ್ರಜಾಪ್ರಭುತ್ವವನ್ನು ಮರಳಿ ಪಡೆಯುವ ಕೆಲಸ ಜನರಿಗೇ ಉಳಿಯಿತು.

ಬರೆದ ಹಕ್ಕು, ಬಾಳುವ ಹಕ್ಕು

ಭಾಷಾ ಅಲ್ಪಸಂಖ್ಯಾತರ ಅಧ್ಯಾಪಕರಾದ ನಮಗೆ ಇರಾಕಿನ ಸಂವಿಧಾನದ 4ನೆಯ ವಿಧಿ ಗಮನಾರ್ಹ. ಅರಬ್ಬಿ ಮತ್ತು ಕುರ್ದಿಶ್ ಅಲ್ಲಿ ಅಧಿಕೃತ ಭಾಷೆಗಳು. ತುರ್ಕ್‌ಮನ್, ಸಿರಿಯಾಕ್, ಅರ್ಮೇನಿಯನ್ ಮುಂತಾದ ಮಾತೃಭಾಷೆಗಳಲ್ಲಿ ಮಕ್ಕಳಿಗೆ ಶಿಕ್ಷಣ ಕೊಡಿಸುವ ಹಕ್ಕನ್ನೂ ಅದು ಮಾನ್ಯಮಾಡಿದೆ. ನಮ್ಮ ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿಯೂ ಪ್ರಾಥಮಿಕ ಹಂತದಲ್ಲಿ ಇಂತಹುದೇ ಸೌಲಭ್ಯವನ್ನು ಸೂಚಿಸುತ್ತದೆ. ಎರಡೂ ಕಡೆ ಮಾತು ಒಳ್ಳೆಯದೇ. ಆದರೆ ಒಂದು ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬರಬೇಕಾದರೆ ಪೋಷಕರು ಮನವಿ ಬರೆಯಬೇಕು, ಅದನ್ನು ಓದುವ ಅಧಿಕಾರಿ ಇರಬೇಕು, ಓದದಿದ್ದರೆ ಪ್ರಶ್ನಿಸಲು ವಿಧಾನಸಭೆ, ನ್ಯಾಯಾಲಯ, ಪತ್ರಿಕೆಗಳು ಇರಬೇಕು. ಪ್ರಶ್ನಿಸಿದವರಿಗೆ ಪ್ರಾಣಭಯ ಇರಬಾರದು. ವಿಧಿಯನ್ನು ಕೆಲವೇ ತಿಂಗಳುಗಳಲ್ಲಿ ಬರೆಯಬಹುದು. ಈ ಸರಪಣಿ ಬೆಳೆಯಲು ತಲೆಮಾರುಗಳು ಬೇಕು, ಅದನ್ನು ಯಾವ ಸೈನ್ಯವೂ ಹೊತ್ತು ತರಲಾರದು. ಸೈನ್ಯವು ಸರ್ವಾಧಿಕಾರಿಯನ್ನು ಕೆಳಗಿಳಿಸಬಲ್ಲುದು. ಸೋತವರೂ ಅಲ್ಪಸಂಖ್ಯಾತರೂ ಒಪ್ಪಿ ಬಾಳುವ ವ್ಯವಸ್ಥೆಯನ್ನು ಆ ನಾಡಿನವರೇ ಕಟ್ಟಬೇಕು. ಮೂರೂ ಉದಾಹರಣೆಗಳಿಂದ ತಿಳಿಯುವುದು ಇದು.

ಹಾಗಾದರೆ ಸರ್ವಾಧಿಕಾರಿಯ ಕೆಳಗೆ ನರಳುವವರನ್ನು ಜಗತ್ತು ನೋಡುತ್ತ ಕುಳಿತಿರಬೇಕೇ ಎಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಕೊಲೆಗಳನ್ನು ತಡೆಯುವುದಕ್ಕೂ ಆಡಳಿತ ಪದ್ಧತಿಯನ್ನು ಸ್ಥಾಪಿಸುವುದಕ್ಕೂ ಇರುವ ಭೇದವನ್ನು ತೋರಿಸಿ, ಉತ್ತರವನ್ನು ಅವರೇ ಹುಡುಕಲು ಬಿಡಬೇಕು.

ತರಗತಿ ಚಟುವಟಿಕೆ

ತರಗತಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಒಂದೊಂದು ದೇಶವನ್ನು ವಹಿಸಿರಿ. ಪ್ರತಿಯೊಂದು ಗುಂಪು ‘ಮೊದಲು ಇದ್ದದ್ದು’, ‘ಸೈನ್ಯ ಮಾಡಿದ್ದು’, ‘ನಂತರ ಉಳಿದದ್ದು’ ಎಂಬ ಮೂರು ಅಂಕಣಗಳ ಕೋಷ್ಟಕವನ್ನು ತಯಾರಿಸಲಿ. ಎರಡನೆಯ ಅವಧಿಯಲ್ಲಿ ಕೋಷ್ಟಕಗಳನ್ನು ಅಕ್ಕಪಕ್ಕ ತೂಗುಹಾಕಿ ಚರ್ಚಿಸಿರಿ.

ಮೌಲ್ಯಮಾಪನ ಪ್ರಶ್ನೆಗಳು

1. ‘ಮಧ್ಯಪ್ರವೇಶ’, ‘ಆಕ್ರಮಣ’, ‘ವಿಮೋಚನೆ’ ಎಂಬ ಪದಗಳ ಅರ್ಥಭೇದವನ್ನು ಉದಾಹರಣೆ ಸಹಿತ ವಿವರಿಸಿರಿ.
2. ಜಪಾನಿನಲ್ಲಿ ಸಾಧ್ಯವಾದದ್ದು ಇರಾಕಿನಲ್ಲಿ ಏಕೆ ಕಷ್ಟವಾಯಿತು? ಎರಡು ಕಾರಣಗಳನ್ನು ಬರೆಯಿರಿ.
3. ಬಹುಮತದ ಚುನಾವಣೆ ನಡೆದ ಮಾತ್ರಕ್ಕೆ ಪ್ರಜಾಪ್ರಭುತ್ವ ಪೂರ್ಣವಾಗುತ್ತದೆಯೇ? ಅಲ್ಪಸಂಖ್ಯಾತರ ದೃಷ್ಟಿಯಿಂದ ಚರ್ಚಿಸಿರಿ.
4. ಭಾರತದ 1971ರ ಕ್ರಮವನ್ನು ಉಳಿದ ಎರಡು ಉದಾಹರಣೆಗಳ ಅಳತೆಗೋಲಿನಿಂದಲೇ ಪರಿಶೀಲಿಸಿ ಒಂದು ಪುಟದ ಟಿಪ್ಪಣಿ ಬರೆಯಿರಿ.