ವೈಫೈ ಇದ್ದೂ ಇಂಟರ್ನೆಟ್ ಬಾರದಿದ್ದರೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಪರೀಕ್ಷೆಯ ಅರ್ಜಿಗೆ ಯು.ಯು.ಸಿ.ಎಂ.ಎಸ್., ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಎಂದು, ಹಿಂದೆ ಕಛೇರಿಯ ಕಿಟಕಿಯ ಮುಂದೆ ನಡೆಯುತ್ತಿದ್ದ ವ್ಯವಹಾರಗಳೆಲ್ಲ ಈಗ ಅಂತರಜಾಲದ ಮೂಲಕವೇ ನಡೆಯತಕ್ಕವಾಗಿವೆ. ಕೊನೆಯ ದಿನದ ಸಂಜೆ ಮನೆಯ ರೌಟರು ಮುಷ್ಕರ ಹೂಡಿತೆಂದರೆ ವಿದ್ಯಾರ್ಥಿಯ ಒಂದು ವರ್ಷದ ವೇತನವೇ ಕೈತಪ್ಪಬಹುದು. ಕೆಂಚಾರ್ಲಹಳ್ಳಿಯ ಕಡೆ ನಮ್ಮಂತೆ ಮೊದಲ ಬಾರಿಗೆ ಕಾಲೇಜು ಕಂಡ ಮನೆಗಳಲ್ಲಿ ಆ ಪೆಟ್ಟಿಗೆಯನ್ನು ಮುಟ್ಟುವುದಕ್ಕೂ ಹಿರಿಯರು ಅಂಜುತ್ತಾರೆ. "ಚಿಂತಾಮಣಿಯಿಂದ ಯಾರಾದರೂ ಬರಲಿ, ನೀನು ಕೈ ಹಾಕಬೇಡಪ್ಪ" ಎನ್ನುತ್ತಾರೆ. ಆದರೆ ಬಂದವರು ಅನೇಕ ವೇಳೆ ಎರಡು ನಿಮಿಷ ದೀಪಗಳನ್ನು ನೋಡಿ ಹೋಗುತ್ತಾರೆ. ಆ ದೀಪಗಳನ್ನು ನಾವೇ ಏಕೆ ಓದಬಾರದು?

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ವೈಫೈ ಬೇರೆ, ಇಂಟರ್ನೆಟ್ ಬೇರೆ. ಮೊಬೈಲಿನ ಮೇಲ್ತುದಿಯಲ್ಲಿ ಬೀಸಣಿಗೆಯಂತೆ ಕಾಣುವ ಗುರುತು ಮೊಬೈಲಿಗೂ ರೌಟರಿಗೂ ನಡುವಣ ಸಂಬಂಧವನ್ನು ಮಾತ್ರ ಹೇಳುತ್ತದೆ. ರೌಟರಿನಿಂದಾಚೆಗೆ ಹಾದಿ ಕಡಿದು ಹೋಗಿದ್ದರೂ ಗುರುತು ತುಂಬಿಯೇ ಇರುತ್ತದೆ. ಹೆಚ್ಚೆಂದರೆ ಅದರ ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಮೂಡೀತು. ನಮ್ಮ ಕೆರೆಗಳ ನೀರಗಂಟಿ ಗದ್ದೆಗೆ ನೀರು ಬಾರದಾಗ ಗದ್ದೆಯನ್ನೇ ಅಗೆಯುತ್ತಾ ಕೂರುತ್ತಿರಲಿಲ್ಲ. ಕಾಲುವೆಯ ಗುಂಟ ತೂಬಿನವರೆಗೂ ನಡೆದು, ನೀರು ಎಲ್ಲಿ ನಿಂತಿದೆ ಎಂದು ಕಂಡುಕೊಳ್ಳುತ್ತಿದ್ದ. ಇಲ್ಲಿಯೂ ಅದೇ ಕ್ರಮ.

ಮನೆಯ ಒಂದೇ ಮೊಬೈಲಿಗೆ ತೊಂದರೆಯೋ, ಎಲ್ಲಕ್ಕೂ ಸೇರಿಯೋ? ಒಂದಕ್ಕೆ ಮಾತ್ರವಾದರೆ ರೌಟರು ನಿರಪರಾಧಿ. ಆ ಮೊಬೈಲಿನಲ್ಲಿ ವೈಫೈ ಹೆಸರನ್ನು ಮರೆಸಿ, ಗುಪ್ತಪದವನ್ನು ಮತ್ತೆ ಕೊಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಯಾವುದಕ್ಕೂ ಬಾರದಿದ್ದರೆ ಪೆಟ್ಟಿಗೆಯ ದೀಪಗಳ ಬಳಿಗೆ ಹೋಗೋಣ.

ಈಗ ಹಳ್ಳಿಗಳಿಗೂ ಬರುತ್ತಿರುವುದು ಗಾಜಿನ ಎಳೆ, ಎಂದರೆ ಫೈಬರ್. ಇದರ ಪೆಟ್ಟಿಗೆಯ ಮೇಲೆ ಎಲ್.ಒ.ಎಸ್. ಎಂಬ ದೀಪವಿರುತ್ತದೆ. ಬೆಳಕಿನ ಸಂಕೇತ ನಷ್ಟವಾಗಿದೆ ಎಂದು ಅದರ ಅರ್ಥ. ಅದು ಕೆಂಪಗೆ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಮೊಬೈಲಿನಲ್ಲಿ ಏನು ಮಾಡಿದರೂ ವ್ಯರ್ಥ, ಏಕೆಂದರೆ ಹೊರಗಿನಿಂದ ಬರಬೇಕಾದ ಬೆಳಕೇ ಮನೆಗೆ ಬಂದಿಲ್ಲ. ಆ ಎಳೆಯ ಗಾಜಿನ ದಪ್ಪ ಮಿಲಿಮೀಟರಿನ ಎಂಟರಲ್ಲೊಂದು ಪಾಲು. ಅದರಲ್ಲಿಯೂ ಬೆಳಕು ಹರಿಯುವ ನಡುಭಾಗ ಸುಮಾರು 9 ಮೈಕ್ರೋಮೀಟರು ಮಾತ್ರ. ಬೆಳಕು ಒಳಗೋಡೆಯಿಂದ ಹೊರಬೀಳದೆ ಒಳಗೇ ಪ್ರತಿಫಲಿಸುತ್ತಾ ಸಾಗಬೇಕಾದರೆ ಎಳೆ ತೀರಾ ಬಾಗಬಾರದು. ಬಾಗಿಲ ಸಂದಿಗೆ ಸಿಕ್ಕಿದರೆ, ಮೊಳೆಗೆ ಬಿಗಿಯಾಗಿ ಸುತ್ತಿದರೆ, ಬೆಳಕು ಅಲ್ಲಿಯೇ ಸೋರಿಹೋಗುತ್ತದೆ. ಬಳ್ಳಿಯಂತೆ ಅಗಲವಾಗಿ ಸುತ್ತಿಟ್ಟರೆ ಚಿಂತೆಯಿಲ್ಲ.

ಪ್ರಾಸಂಗಿಕವಾಗಿ ಹೇಳುವುದಾದರೆ, ಈ ವಿದ್ಯೆಯಲ್ಲಿ ನಮ್ಮವರ ಪಾಲೂ ಉಂಟು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹಾಪ್ಕಿನ್ಸರೊಡನೆ ದುಡಿದು, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ವಿಚಾರವನ್ನು 1954ರಲ್ಲಿ ಪ್ರಕಟಿಸಿದರು. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ದೂರದ ಸಂದೇಶಗಳನ್ನೂ ಕಳಿಸಬಹುದೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂದಿತು.

ಕೆಂಪು ದೀಪ ಕಂಡಾಗ ನಾವು ಮಾಡಬಹುದಾದದ್ದು ಅಲ್ಪ. ಎಳೆ ಎಲ್ಲಿಯಾದರೂ ಮಡಿಚಿದೆಯೇ, ಇಲಿ ಕಡಿದಿದೆಯೇ, ಬೀದಿಯಲ್ಲಿ ನೀರಿನ ಪೈಪಿಗಾಗಿ ಅಗೆದಿದ್ದಾರೆಯೇ ಎಂದು ನೋಡಿ ದೂರು ಕೊಡುವುದು. ಕೇಬಲ್ಲನ್ನು ಬಿಚ್ಚಿ ಅದರ ತುದಿಯನ್ನು ಕಣ್ಣಿಗೆ ಹಿಡಿದು ಪರೀಕ್ಷಿಸುವುದು ಸಲ್ಲದು. ಸಾಮಾನ್ಯವಾಗಿ ಅದರಲ್ಲಿ ಮನೆಯ ಕಡೆಗೆ ಬರುವ ಬೆಳಕಿನ ತರಂಗ 1490 ನ್ಯಾನೋಮೀಟರು. ಅದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ, ಕಾಣದಿದ್ದರೂ ಕಣ್ಣಿಗೆ ಹಿತವಲ್ಲ.

ದೀಪಗಳೇ ಹತ್ತದಿದ್ದರೆ ಅಥವಾ ಪೆಟ್ಟಿಗೆ ಮತ್ತೆ ಮತ್ತೆ ಆರಿ ಹತ್ತುತ್ತಿದ್ದರೆ ಅಡಾಪ್ಟರನ್ನು ಶಂಕಿಸಬೇಕು. ಅನೇಕ ರೌಟರುಗಳಿಗೆ 12 ವೋಲ್ಟ್ ಬೇಕು. ಟಿ.ವಿ. ಪೆಟ್ಟಿಗೆಯ ಅಡಾಪ್ಟರಿನ ಪಿನ್ನು ಇದಕ್ಕೂ ಹಿಡಿಸುತ್ತದೆಂದು ಚುಚ್ಚುವುದಕ್ಕೆ ಮೊದಲು ಅದರ ಬೆನ್ನ ಮೇಲಿನ ಸಂಖ್ಯೆಯನ್ನು ಓದುವುದು ಮೇಲು.

ಎಲ್.ಒ.ಎಸ್. ದೀಪ ಆರಿದೆ, ಪಿ.ಒ.ಎನ್. ದೀಪ ಹಸಿರಾಗಿ ನಿಂತಿದೆ, ಆದರೂ ಇಂಟರ್ನೆಟ್ ಇಲ್ಲ. ಇಂತಹ ಸಂದರ್ಭದಲ್ಲಿ ಗಾಜಿನ ಹಾದಿ ಸರಿಯಾಗಿದೆ, ಬಾಗಿಲಲ್ಲಿ ತಡೆಯುತ್ತಿದ್ದಾರೆ ಎಂದು ತಿಳಿಯಬೇಕು. ತಿಂಗಳ ಹಣದ ಅವಧಿ ಮುಗಿದಿರಬಹುದು. ಇಲ್ಲವೆ ರೌಟರು ಕಂಪನಿಗೆ ಒಪ್ಪಿಸಬೇಕಾದ ಬಳಕೆದಾರರ ಹೆಸರು, ಗುಪ್ತಪದಗಳು ಹೊಂದದೆ ಇರಬಹುದು. ಇಲ್ಲಿಯೇ ಅನೇಕರು ಪೆಟ್ಟಿಗೆಯ ಹಿಂಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದರಷ್ಟು ಕೇಡಿನ ಉಪಾಯ ಇನ್ನೊಂದಿಲ್ಲ. ಆರಿಸಿ ಹತ್ತಿಸುವುದು ನಿದ್ದೆ ಮಾಡಿಸಿ ಎಬ್ಬಿಸಿದಂತೆ. ರೀಸೆಟ್ ಎಂದರೆ ಕಲಿತದ್ದನ್ನೆಲ್ಲ ಮರೆಸಿದಂತೆ. ಕಂಪನಿಯವರು ತುಂಬಿದ್ದ ಹೆಸರು, ಗುಪ್ತಪದ ಎಲ್ಲವೂ ಅಳಿಸಿಹೋಗಿ, ಬೆಳಗಾಗುವ ಹೊತ್ತಿಗೆ ತಾನಾಗಿ ಸರಿಹೋಗಬಹುದಾಗಿದ್ದ ತೊಂದರೆಗೆ ಈಗ ಆಳು ಬರಲೇಬೇಕಾಗುತ್ತದೆ. ಆದ್ದರಿಂದ ಗುಂಡಿಯನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು, ಫೈಬರಿನ ಪೆಟ್ಟಿಗೆ ಬೇರೆಯಾಗಿದ್ದರೆ ಅದನ್ನು ಮೊದಲು, ರೌಟರನ್ನು ಆಮೇಲೆ ಹತ್ತಿಸಿ, ಎರಡು ಮೂರು ನಿಮಿಷ ತಾಳ್ಮೆಯಿಂದ ಕಾಯಬೇಕು. ಅಷ್ಟೇ ಸಾಕು.

ಇನ್ನೊಂದು ಬಗೆಯ ತೊಂದರೆ ವಿಚಿತ್ರವಾದದ್ದು. ಎಲ್ಲ ದೀಪಗಳೂ ಸರಿಯಾಗಿವೆ, ಯಾವ ತಾಣವೂ ತೆರೆಯದು. ಅಂತರಜಾಲದಲ್ಲಿ ತಾಣಗಳಿಗೆ ನಿಜವಾದ ಗುರುತು ಸಂಖ್ಯೆಗಳು. ನಾವು ಬರೆಯುವ ಹೆಸರನ್ನು ಸಂಖ್ಯೆಯಾಗಿ ಬದಲಾಯಿಸಿಕೊಡುವ ವ್ಯವಸ್ಥೆಗೆ ಡಿ.ಎನ್.ಎಸ್. ಎಂದು ಹೆಸರು. ಅದು ಕೈಕೊಟ್ಟರೆ ಊರಿದ್ದೂ ವಿಳಾಸ ತಿಳಿಯದಂತಾಗುತ್ತದೆ. ಬ್ರೌಸರಿನಲ್ಲಿ 1.1.1.1 ಎಂದು ಬರೆದು ನೋಡಿ. ಅದು ತೆರೆದು, ಹೆಸರಿನ ತಾಣಗಳು ಮಾತ್ರ ತೆರೆಯದಿದ್ದರೆ ತಪ್ಪು ಇಲ್ಲಿಯದೇ ಇರಬೇಕು. ವೈಫೈ ಸಂಯೋಜನೆಗಳಲ್ಲಿ ಡಿ.ಎನ್.ಎಸ್. ಸ್ಥಳದಲ್ಲಿ 8.8.8.8 ಎಂದು ಕೊಟ್ಟರೆ ಕೆಲಸ ನಡೆಯುತ್ತದೆ.

ಬೇರೆಲ್ಲ ತಾಣಗಳೂ ತೆರೆದು ವಿದ್ಯಾರ್ಥಿವೇತನದ್ದೊಂದೇ ಸುತ್ತುತ್ತಾ ನಿಂತರೆ ದಯವಿಟ್ಟು ರೌಟರನ್ನು ಬೈಯಬೇಡಿ. ಕೊನೆಯ ದಿನ ನಾಡಿನ ವಿದ್ಯಾರ್ಥಿಗಳೆಲ್ಲ ಅದೇ ಬಾಗಿಲಿಗೆ ನೂಕುತ್ತಿರುತ್ತಾರೆ. ಬೆಳಗಿನ ಜಾವ ಪ್ರಯತ್ನಿಸುವುದು ಒಳ್ಳೆಯದು.

ದೂರು ಕೊಡುವಾಗ "ನೆಟ್ ಬರ್ತಿಲ್ಲ ಸಾರ್" ಎಂದಷ್ಟೇ ಹೇಳಿದರೆ ಅವರೂ "ಆರಿಸಿ ಹತ್ತಿಸಿ" ಎಂದಷ್ಟೇ ಹೇಳಿ ಮುಗಿಸುತ್ತಾರೆ. "ಸಂಜೆ ಏಳರಿಂದ ಎಲ್.ಒ.ಎಸ್. ಕೆಂಪು, ಒಮ್ಮೆ ಆರಿಸಿ ಹತ್ತಿಸಿದ್ದಾಗಿದೆ, ಮನೆಯೊಳಗೆ ಎಳೆ ಮಡಿಚಿಲ್ಲ" ಎಂದರೆ ಕೇಬಲ್ ಜೋಡಿಸುವವನು ಬೇಕಾದ ಸಾಮಾನಿನೊಂದಿಗೇ ಹೊರಡುತ್ತಾನೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅವನು ಬರುವವರೆಗೆ ಮನೆಯವರ ಯಾವುದಾದರೊಂದು ಮೊಬೈಲಿನ ಡಾಟಾದಿಂದ ಹಾಟ್‌ಸ್ಪಾಟ್ ತೆರೆದು, ಸಿಗ್ನಲ್ ಸಿಕ್ಕುವ ಕಿಟಕಿಯ ಬಳಿ ಕುಳಿತು ಅರ್ಜಿಯನ್ನು ಮುಗಿಸಬಹುದು. ಅರ್ಜಿಯೊಂದಕ್ಕೆ ಖರ್ಚಾಗುವ ಡಾಟಾ ಒಂದು ಸಿನಿಮಾ ನೋಡುವುದಕ್ಕಿಂತ ಎಷ್ಟೋ ಕಡಿಮೆ.