ನಮಗೆ ಸರಿಹೊಂದುವ ಸೈಕಲ್ ಯಾವುದು?



ಬರುವ ಜೂನ್‌ನಲ್ಲಿ ನಾವು ಏಳನೆಯವರೆಲ್ಲ ಎಂಟಕ್ಕೆ ಹೋಗುತ್ತೇವೆ. ನಮ್ಮ ಅಕ್ಕ ಅಣ್ಣಂದಿರಿಗೆ ಎಂಟನೆಯಲ್ಲಿ ಸರ್ಕಾರದ ಸೈಕಲ್ ಸಿಕ್ಕಿತ್ತು. ಆ ಯೋಜನೆ 2006-07ರಲ್ಲಿ ಶುರುವಾಗಿತ್ತು. 2020ರಲ್ಲಿ ಕೊರೊನಾ ಬಂದ ಮೇಲೆ ಹಂಚುವುದು ನಿಂತಿತು. ಹಾಗಾಗಿ ಈಗ ಹಲವು ಮನೆಗಳಲ್ಲಿ ಸೈಕಲ್ ಕೊಳ್ಳುವ ಮಾತು ನಡೆದಿದೆ. ನಮ್ಮ ಮನೆಯಲ್ಲೂ ನಡೆದಿದೆ. ಒಮ್ಮೆ ತಂದರೆ ಹೈಸ್ಕೂಲು ಮುಗಿಯುವ ತನಕ ಅದೇ ಸೈಕಲ್. ರವಿವಾರ ಕೇಣಿ, ಬೇಲೆಕೇರಿ ಸಮುದ್ರದ ಕಡೆ ತಿರುಗಾಡಲಿಕ್ಕೂ ಅದೇ. ಆದ್ದರಿಂದ ಸೈಕಲ್ ಆರಿಸುವುದು ಹೇಗೆ ಎಂದು ಕೇಳಿ, ಓದಿ, ಅಳತೆ ಮಾಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಾವು ಮೊದಲು ನೋಡುವುದು ಬಣ್ಣ. ಆಮೇಲೆ ಗೇರು. ಆದರೆ ಮೊದಲು ನೋಡಬೇಕಾದ್ದು ನಮ್ಮ ಕಾಲು.

"ಬೆಳೆಯುವ ಮಕ್ಕಳು, ದೊಡ್ಡದೇ ಇರಲಿ" ಅಂತ ಹಿರಿಯರು ಹೇಳುವುದುಂಟು. ಅಂಗಿಗೆ ಈ ಮಾತು ನಡೀತದೆ, ಸೈಕಲ್‌ಗೆ ನಡೆಯೋದಿಲ್ಲ. ನನ್ನ ಚಿಕ್ಕಪ್ಪನ ಮಗಳಿಗೆ ಹೀಗೇ ದೊಡ್ಡ ಸೈಕಲ್ ತಂದಿದ್ದರು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದಾಗ ಅವಳು ನಿಲ್ಲಿಸಲು ನೋಡಿದಳು. ಕಾಲು ನೆಲಕ್ಕೆ ಎಟಕಲಿಲ್ಲ. ಗಟಾರಕ್ಕೆ ಬಿದ್ದು ಕೈ ಮುರಿಯಿತು. ಅವಳು ಬಿದ್ದದ್ದು ಎಡಕ್ಕೆ. ಬಲಕ್ಕೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಆಯಿ ಈಗಲೂ ಹೇಳುತ್ತಾಳೆ. ಆ ಸೈಕಲ್ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ.

ಇದು ಹಳೆಯ ಪಾಠವೇ. ಮೊದಲು ಇಂಗ್ಲೆಂಡಿನಲ್ಲಿ ಮುಂದಿನ ಚಕ್ರ ಆಳೆತ್ತರ ಇರುವ ಸೈಕಲ್ ಇತ್ತು. ಪೆಡಲ್ ಆ ಚಕ್ರಕ್ಕೇ ಇರುತ್ತಿತ್ತು. ಮೇಲೆ ಕೂತವರ ಕಾಲು ನೆಲ ಮುಟ್ಟುತ್ತಿರಲಿಲ್ಲ, ಮುಗ್ಗರಿಸಿದರೆ ತಲೆ ಕೆಳಗಾಗಿ ಬೀಳುತ್ತಿದ್ದರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವರು 'ರೋವರ್' ಎಂಬ ಸೈಕಲ್ ತಂದರು. ಚಿಕ್ಕ ಚಕ್ರಗಳು, ಹಿಂದಿನ ಚಕ್ರಕ್ಕೆ ಚೈನು. ಅಂಥ ಸೈಕಲ್‌ಗೆ 'ಸೇಫ್ಟಿ', ಅಂದರೆ ಸುರಕ್ಷಿತ ಸೈಕಲ್ ಎಂದೇ ಹೆಸರಾಯಿತು. 1888ರಲ್ಲಿ ಡನ್‌ಲಪ್ ಅವರ ಗಾಳಿ ತುಂಬಿದ ಟಾಯರು ಬಂತು. ಇಂದಿನ ನಮ್ಮ ಸೈಕಲ್ ಇವೆರಡರ ಮಗು.

ಅಳತೆ ಮಾಡುವ ಕ್ರಮ

1. ಎತ್ತರ: ಸುಮಾರು 135ರಿಂದ 150 ಸೆಂ.ಮೀ. ಎತ್ತರದವರಿಗೆ 24 ಇಂಚಿನ ಚಕ್ರ, ಅದಕ್ಕಿಂತ ಎತ್ತರದವರಿಗೆ 26 ಇಂಚು ಹೊಂದುತ್ತದೆ. ಆದರೆ ಚಕ್ರ ಒಂದೇ ಅಳತೆ ಇದ್ದರೂ ಫ್ರೇಮು ಬೇರೆ ಬೇರೆ ಇರುತ್ತದೆ. ಆದ್ದರಿಂದ ಹತ್ತಿ ನೋಡದೆ ಕೊಳ್ಳಬಾರದು.

2. ಬಾರು: ಸೀಟಿನಿಂದ ಮುಂದೆ ಇಳಿದು, ಅಡ್ಡ ಪೈಪಿನ ಎರಡೂ ಬದಿಗೆ ಕಾಲಿಟ್ಟು ನಿಲ್ಲಿ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಪೈಪಿಗೂ ಮೈಗೂ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಇರಬೇಕು. ಬಾರು ಇಲ್ಲದ ಲೇಡೀಸ್ ಸೈಕಲ್‌ನಲ್ಲಿ ಸೀಟಿನ ಎತ್ತರವನ್ನೇ ನೋಡಬೇಕು. ಅದನ್ನು ಹುಡುಗರು ಹೊಡೆದರೆ ನಗುವಂಥದ್ದೇನಿಲ್ಲ. ಒಂದೇ ಸೈಕಲ್ ಅಕ್ಕನಿಗೂ ತಮ್ಮನಿಗೂ ಆಗಬೇಕಾದರೆ ಅದೇ ಅನುಕೂಲ.

3. ಸೀಟು: ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಸ್ವಲ್ಪ ಮಡಚಿರುತ್ತದೆ, ನೋಯುವುದಿಲ್ಲ. ಹೊಸದಾಗಿ ಕಲಿಯುವವರು ಸೀಟು ಇನ್ನೂ ತಗ್ಗಿಸಿ ಎರಡೂ ಕಾಲು ಊರುವಂತೆ ಇಟ್ಟುಕೊಳ್ಳಬೇಕು. ನಾವು ಬೆಳೆದಂತೆ ಸೀಟನ್ನು ಏರಿಸಬಹುದು. ದೊಡ್ಡ ಫ್ರೇಮನ್ನು ಮಾತ್ರ ಯಾರೂ ಚಿಕ್ಕದು ಮಾಡಲಾರರು.

4. ಬ್ರೇಕು: ಹ್ಯಾಂಡಲ್ ಹಿಡಿದಾಗ ಬೆರಳು ಬ್ರೇಕಿಗೆ ಸುಲಭವಾಗಿ ಮುಟ್ಟಬೇಕು. ಒತ್ತಿದಾಗ ಹಿಡಿಕೆಗೆ ತಾಗಬಾರದು.

ಗೇರು ಬೇಕೇ?

ಮನೆಯ ಹಳೆಯ ಸೈಕಲ್‌ನ ಹಲ್ಲು ಎಣಿಸಿದೆ. ಮುಂದೆ 44, ಹಿಂದೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 44 ÷ 18, ಅಂದರೆ ಸುಮಾರು 2.44 ಸುತ್ತು ತಿರುಗುತ್ತದೆ. 26 ಇಂಚಿನ ಚಕ್ರದ ವ್ಯಾಸ ಸುಮಾರು 66 ಸೆಂ.ಮೀ. ಅದನ್ನು 22/7ರಿಂದ ಗುಣಿಸಿದರೆ ಪರಿಧಿ ಸುಮಾರು 207 ಸೆಂ.ಮೀ. ಅಂದರೆ ಒಂದು ತುಳಿತಕ್ಕೆ ಐದು ಮೀಟರ್, ಒಂದು ಕಿಲೋಮೀಟರಿಗೆ ಸುಮಾರು 200 ತುಳಿತ!

ಗೇರು ಬದಲಿಸಿ ಹಿಂದಿನ ದೊಡ್ಡ ಹಲ್ಲಿಗೆ ಹಾಕಿದರೆ ತುಳಿಯುವುದು ಹಗುರ, ಆದರೆ ಒಂದು ತುಳಿತಕ್ಕೆ ಹೋಗುವ ದೂರ ಕಡಿಮೆ. ಬಿಣಗಾದ ಘಟ್ಟದಂಥ ಏರಿನಲ್ಲಿ ಅದು ಉಪಯೋಗ. ನಮ್ಮ ಭಾವಿಕೇರಿ, ಬೇಲೆಕೇರಿ ಕಡೆಯ ಒಳರಸ್ತೆಗಳಿಗೆ ಗೇರಿಲ್ಲದ ಸೈಕಲ್ ಸಾಕು. ಗೇರಿನೊಳಗೆ ಮರಳು ಹೋದರೆ ಬೇಗ ಸವೆಯುತ್ತದೆ, ರಿಪೇರಿಗೆ ಪೇಟೆಗೇ ಒಯ್ಯಬೇಕು. ಶಾಕ್ ಅಬ್ಸಾರ್ಬರ್ ಇದ್ದರೆ ತೂಕ ಜಾಸ್ತಿ, ತುಳಿದ ಬಲ ಸ್ವಲ್ಪ ಅದರಲ್ಲೇ ಹೋಗುತ್ತದೆ. ಆ ದುಡ್ಡಿಗೆ ಮಡ್‌ಗಾರ್ಡ್, ಚೈನ್ ಕವರ್, ಕ್ಯಾರಿಯರ್, ಬೆಲ್ ಇರುವುದನ್ನು ತಗೊಂಡರೆ ಒಳ್ಳೆಯದು.

ಕರಾವಳಿಯವರು ನೋಡಬೇಕಾದ ಎರಡು ಸಂಗತಿ

ಒಂದು, ಮಳೆ. ಸ್ಟೀಲ್ ರಿಮ್ ಒದ್ದೆಯಾದರೆ ರಬ್ಬರ್ ಬ್ರೇಕು ಜಾರುತ್ತದೆ, ಸೈಕಲ್ ಬೇಗ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ರಿಮ್‌ನಲ್ಲಿ ಬ್ರೇಕು ಹೆಚ್ಚು ಹಿಡಿಯುತ್ತದೆ. ಜೂನ್‌ನಿಂದ ನಾಲ್ಕು ತಿಂಗಳು ಮಳೆ ಬೀಳುವ ನಮಗೆ ಇದು ಗೇರಿಗಿಂತ ಮುಖ್ಯ.

ಎರಡು, ಉಪ್ಪುಗಾಳಿ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಸೇರಿದರೆ ತುಕ್ಕು ಎಂದು ವಿಜ್ಞಾನದಲ್ಲಿ ಕಲಿತಿದ್ದೇವೆ. ಉಪ್ಪು ಇದ್ದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಕಾರವಾರದ ಟಾಗೋರ್ ಕಡಲತೀರವಿರಲಿ, ನಮ್ಮ ಕೇಣಿ ಇರಲಿ, ಸಮುದ್ರದ ನೀರಿನಲ್ಲಿ ಸೈಕಲ್ ಓಡಿಸಬಾರದು. ತಾಗಿದರೆ ಬಾವಿ ನೀರಿನಿಂದ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಬೇಕು. ರಿಮ್‌ಗೆ ಎಣ್ಣೆ ತಾಗಬಾರದು, ಬ್ರೇಕು ಜಾರುತ್ತದೆ.

ಹಳೆಯ ಸೈಕಲ್ ಕೊಳ್ಳುವುದಾದರೆ

ಅಣ್ಣಂದಿರ ಸೈಕಲ್ ಎಷ್ಟೋ ಮನೆಗಳಲ್ಲಿ ಸುಮ್ಮನೆ ನಿಂತಿವೆ. ಹಳೆಯದೆಂದು ನಾಚಿಕೆ ಬೇಡ. ಚಕ್ರ ಎತ್ತಿ ತಿರುಗಿಸಿ. ಅತ್ತಿತ್ತ ಓಲಾಡಿದರೆ ರಿಮ್ ಔಟ್ ಆಗಿದೆ, ಕಡ್ಡಿ ಬಿಗಿಸಿದರೆ ಸರಿಯಾಗಬಹುದು. ಟಾಯರು, ಬ್ರೇಕಿನ ರಬ್ಬರು, ಚೈನು ಬದಲಿಸಬಹುದು. ಆದರೆ ಫ್ರೇಮಿನ ಜೋಡಣೆಯಲ್ಲಿ ಸೀಳಿದ್ದರೆ, ಮುಂದಿನ ಫೋರ್ಕ್ ಬಾಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಕಡೆಯದಾಗಿ, ಸೈಕಲ್ ಸರಿ ಇದ್ದರೂ ತಿರುಗಾಟಕ್ಕೆ ಹೆದ್ದಾರಿ 66 ಬೇಡ. ಒಳರಸ್ತೆಯಲ್ಲಿ ಎಡಬದಿಗೆ, ಒಬ್ಬರ ಹಿಂದೆ ಒಬ್ಬರು ಹೋಗೋಣ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ದುಡ್ಡಿಗೆ. ಸೈಕಲ್‌ಗೆ ಮಾತ್ರ ಕಾಲು ಇದ್ದಷ್ಟೇ ಸೈಕಲ್! ನಾನು 142 ಸೆಂ.ಮೀ. ಇದ್ದೇನೆ, ಅಪ್ಪನಿಗೆ 24 ಇಂಚು ಎಂದು ಹೇಳಿಯಾಗಿದೆ. ನಿಮ್ಮ ಅಳತೆ ಗೊತ್ತಿಲ್ಲದಿದ್ದರೆ ಶನಿವಾರ ಆಟದ ಅವಧಿಗೆ ಬನ್ನಿ. ಅಕ್ಕೋರ ಹತ್ತಿರ ಟೇಪು ಕೇಳಿದ್ದೇನೆ, ಕೊಡುತ್ತೇನೆ ಅಂದಿದ್ದಾರೆ.

– 7ನೇ ತರಗತಿಯ ವಿದ್ಯಾರ್ಥಿನಿ